ಹನಿಯೂ ಔಷಧಿಯೇ

ಗುರುವಾರ, ಮಾರ್ಚ್ 14

ಅಕ್ಕನ ಹೊಟ್ಟೆನೋವಿಗೆ ಇವತ್ತು ಡಾಕ್ಟರು ಕೊಟ್ಟ ಮಾತ್ರೆಯ ಡಬ್ಬಿಯಲ್ಲಿದ್ದ ಚೀಟಿಯನ್ನು ಊಟವಾದ ಮೇಲೆ ಓದಿದೆ. ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾ ಇರುವವರು ವೈದ್ಯರಿಗೆ ತಿಳಿಸದೆ ಸೇವಿಸಬಾರದು ಎಂದಿದೆ. ಅಷ್ಟರಲ್ಲಿ ಅವಳು ಎರಡು ನುಂಗಿಯಾಗಿತ್ತು.

"ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ?" ಎಂದು ಡಾಕ್ಟರು ಕೇಳಿದ್ದು ನಿಜ. "ಏನೂ ಇಲ್ಲ" ಎಂದಳು. ಗ್ಲಾಕೋಮಾಕ್ಕೆಂದು ಆರು ವರ್ಷದಿಂದ ಅವಳ ಕಣ್ಣಿಗೆ ದಿನವೂ ಹನಿ ಹಾಕುವ ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದೆ. ನುಂಗುವುದಷ್ಟೇ ಔಷಧಿ ಎಂದು ಇಬ್ಬರೂ ತಿಳಿದಿದ್ದೆವು.

ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದೆ. ಗ್ಲಾಕೋಮಾ ಇದ್ದವರೆಲ್ಲರಿಗೂ ಅಪಾಯ ಎಂದಲ್ಲವಂತೆ. ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಕಿರಿದಾಗಿದ್ದರೆ ಮಾತ್ರ ಒತ್ತಡ ಒಮ್ಮೆಲೇ ಏರಿ ದೃಷ್ಟಿಯೇ ಹೋಗಬಹುದು. ಅಕ್ಕನದು ಯಾವ ಬಗೆ ಎಂದು ನರ್ಸ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಮಾತ್ರೆ ನಿಲ್ಲಿಸಿ, ಕಣ್ಣು ನೋವು ಬಂದರೆ ಬೆಳಗಿನ ತನಕ ಕಾಯಬೇಡಿ ಎಂದರು.

ಆಗಿನಿಂದ ನೋವಿದೆಯಾ ಎಂದು ಕೇಳುತ್ತಲೇ ಇದ್ದೆ. "ಹಿಂಗೆ ಪ್ರಾಣ ತಿಂದ್ರೆ ಇಲ್ಲದ ನೋವೂ ಬರತ್ತೆ ಕಣೋ, ಹೋಗಿ ಮಲಗು" ಎಂದು ಬೈದಳು.

ಈಗ ಅವಳೇ ಕರೆದಳು. ಬಲಗಣ್ಣಿನ ಮೇಲೆ ಹಿಂಡಿದ ಹಾಗಾಗುತ್ತಿದೆಯಂತೆ. ನಾನೇ ಕೇಳಿ ಕೇಳಿ ಬರಿಸಿದೆನೋ ಏನೋ. ಆ ಊಹೆಯನ್ನು ನಂಬಿ ಅವಳ ಕಣ್ಣನ್ನು ಪಣಕ್ಕಿಡಲಾರೆ. ಟ್ಯಾಕ್ಸಿಗೆ ಹೇಳಿದ್ದೇನೆ. ಅವಳು ಗೋಡೆ ಹಿಡಿದುಕೊಂಡು ಬಾಗಿಲ ಕಡೆ ಹೊರಟಿದ್ದಾಳೆ, ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ.