ಅತ್ತೆ ಮನೆಮನೆಗೂ ಹೋಗಿ ಹೇಳಿದ ಸುದ್ದಿ

ರಾಜಾಜಿನಗರ, ಬೆಂಗಳೂರು
೧೮ ಮೇ ೧೯೭೪

ಪ್ರೀತಿಯ ಅಂಬುಜಕ್ಕ,

ನಿನಗೂ ಭಾವನವರಿಗೂ ನನ್ನ ಶರಣು. ನಿನ್ನ ಎರಡು ಕಾಗದಗಳೂ ಕೈಸೇರಿದವು, ಆದರೂ ಉತ್ತರ ಬರೆಯದೆ ಕೂತೆ. ಬೈಯಬೇಡ, ಪ್ಲೀಸ್! ನೀನು ದೊಡ್ಡಮ್ಮ ಆಗುತ್ತೀಯ ಎಂದು ಕುಣಿದಾಡಿಕೊಂಡು ಬರೆದಿದ್ದೆನಲ್ಲ, ಅದು ಸುಳ್ಳಾಯಿತು ಅಕ್ಕ. ಮಗು ಇಲ್ಲ. ಇರಲೇ ಇಲ್ಲವಂತೆ. ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ.

ಮುಟ್ಟು ನಿಂತಿತ್ತು, ಹಗಲೆಲ್ಲ ನಿದ್ದೆ, ಎದ್ದರೂ ಸುಸ್ತು. ಹೊಸದಾಗಿ ಮದುವೆಯಾದವಳು ಹೀಗಿದ್ದರೆ ಜನ ಇನ್ನೇನು ಅಂದುಕೊಳ್ಳುತ್ತಾರೆ? ಪಕ್ಕದ ಮನೆಯ ಅಲಮೇಲು ಮಾಮಿಯಂತೂ "ಮುಖ ಹೆಂಗೆ ತುಂಬ್ಕೊಂಡಿದೆ ನೋಡು, ಗಂಡು ಮಗೂನೇ ಕಣೇ" ಎಂದುಬಿಟ್ಟರು. ಮೂರು ತಿಂಗಳು ತುಂಬುವವರೆಗೆ ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ನನಗೆ ಹೇಳಿಕೊಟ್ಟವರು ನಮ್ಮತ್ತೆ. ಅವರೇ ತಡೆಯಲಾರದೆ ಇಡೀ ಬೀದಿಗೆ ಹೇಳಿ ಬಂದಿದ್ದರು!

ಆದರೆ ಮೊದಲು ಅನುಮಾನ ಬಂದದ್ದೂ ಅವರಿಗೇ. ಏಪ್ರಿಲ್ ಬಿಸಿಲಿನಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಬಾಚಿದರೆ ಮುಷ್ಟಿ ತುಂಬ ಕೂದಲು. ದನಿ ಬೇರೆ ಒಡೆದಿತ್ತು.

"ನಾನೂ ನಾಕು ಹೆತ್ತಿದೀನಿ. ಬಸುರೀಲಿ ಹಿಂಗೆ ಚಳಿ ಆಗಲ್ಲ. ಏಳು, ಡಾಕ್ಟರ್ ಹತ್ರ ಹೋಗೋಣ" ಎಂದರು.

ಇವರು "ಹೊಸ ಮನೆ, ಕೆಲಸ ಜಾಸ್ತಿ ಅಲ್ವೇನಮ್ಮಾ, ಅದಕ್ಕೇ ಸುಸ್ತು" ಎಂದರೆ, "ಸುಮ್ನಿರೋ! ಕುಡಿದ ಕಾಫಿ ಲೋಟ ಎತ್ತಿಟ್ಟಿದೀಯಾ ಒಂದಿನ? ಸುಸ್ತಿನ ವಿಷಯ ನಿಂಗೇನೋ ಗೊತ್ತು" ಎಂದು ಗದರಿದರು. ನನಗೆ ನಗು ತಡೆಯಲಾಗಲಿಲ್ಲ.

ಲೇಡಿ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದರು, ಮೂತ್ರ, ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲವಂತೆ. ಮುಟ್ಟು ನಿಂತದ್ದೂ ಅದರಿಂದಲೇ. "ಎಲ್ಲರ ಸುಸ್ತಿಗೂ ಇದೇ ಕಾರಣ ಅಲ್ಲ. ರಕ್ತ ಕಮ್ಮಿ ಇರ್ಬಹುದು, ಸಕ್ಕರೆ ಕಾಯಿಲೆ ಇರ್ಬಹುದು, ಮನಸ್ಸಿನ ಕೊರಗೂ ಇರ್ಬಹುದು. ರೆಸ್ಟ್ ತಗೊಂಡ್ರೂ ಎರಡು ಮೂರು ವಾರ ಹೋಗ್ಲಿಲ್ಲ ಅಂದ್ರೆ ಬಂದು ತೋರಿಸ್ಬೇಕಮ್ಮ. ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ಅವತ್ತೇ ಓಡಿ ಬರ್ಬೇಕು" ಎಂದರು. ನನಗೆ ದಿನಾ ಒಂದು ಮಾತ್ರೆ, ಅಷ್ಟೇ.

ಅವತ್ತು ಸಾಯಂಕಾಲ ಅತ್ತೆ ಏನು ಮಾಡಿದರು ಗೊತ್ತೆ? ಸುದ್ದಿ ಹೇಳಿದ್ದ ಒಂದೊಂದು ಮನೆಗೂ ಮತ್ತೆ ಹೋಗಿ, "ತಪ್ಪು ನಂದು. ನನ್ನ ಸೊಸೆಗೆ ಥೈರಾಯ್ಡ್ ಅಂತೆ, ಅದಕ್ಕೆ ಮಾತ್ರೆ ಇದೆ. ಅವಳನ್ನ ಯಾರೂ ಏನೂ ಕೇಳ್ಬೇಡಿ" ಎಂದು ಹೇಳಿ ಬಂದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಅಕ್ಕ! ನಾನು ಎಷ್ಟು ಪುಣ್ಯ ಮಾಡಿದ್ದೆನೋ!

ಅಕ್ಕತಂಗಿಯರಿಬ್ಬರಿಗೂ ಇದು ಬರುವುದುಂಟು ಎಂದು ಡಾಕ್ಟರು ಹೇಳಿದಾಗಿನಿಂದ ನನಗೆ ನಿನ್ನದೇ ಯೋಚನೆ. ನಿನಗೂ ಯಾವಾಗಲೂ ಸುಸ್ತು, ಬೇಸಿಗೆಯಲ್ಲೂ ಕಂಬಳಿ. ನಿನ್ನ ಅತ್ತೆಮನೆಯವರು ನಿನ್ನನ್ನು ಸೋಮಾರಿ ಎನ್ನುತ್ತಾರೆ, ಬಂಜೆ ಎಂದೂ ಎನ್ನುತ್ತಾರೆ, ನೀನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೀಯ. ಇಲ್ಲಿಗೆ ಬಾ ಅಕ್ಕ. "ನಾನೇ ಕರ್ಕೊಂಡು ಹೋಗ್ತೀನಿ, ಬರಕ್ಕೆ ಹೇಳು" ಎಂದು ಅತ್ತೆಯೇ ಬರೆಸುತ್ತಿದ್ದಾರೆ. ಭಾವನವರಿಗೆ ಇವರು ಬೇರೆ ಕಾಗದ ಹಾಕುತ್ತಾರೆ. ಇಲ್ಲ ಎನ್ನಬೇಡ.

ಶಿವ ನಿನ್ನ ಮೈಗೆ ಬಲ ಕೊಡಲಿ, ನಿನ್ನನ್ನು ಬೇಗ ನನ್ನ ಕಣ್ಣಿಗೆ ತೋರಿಸಲಿ.

ನಿನ್ನ ಮುದ್ದಿನ
ಗಿರಿಜಾ

ತಾ.ಕ.: ಇದನ್ನು ಇವರಿಗೂ ಹೇಳಿಲ್ಲ. ಆ ಮಗುವಿನ ಜೊತೆ ನಾನು ಮಾತಾಡುತ್ತಿದ್ದೆ. ಅತ್ತೆಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ. ಹೆಚ್ಚಾಗಿ ನಿನ್ನ ವಿಷಯವೇ. ನಿನ್ನೆ ಅಕ್ಕಿ ಆರಿಸುತ್ತಾ ಮತ್ತೆ ಶುರು ಮಾಡಿಬಿಟ್ಟೆ. ಅರ್ಧಕ್ಕೆ ನೆನಪಾಯಿತು, ಕೇಳುವವರು ಯಾರೂ ಇಲ್ಲ ಎಂದು. ಇಲ್ಲದೇ ಇದ್ದದ್ದಕ್ಕೆ ನನಗೆ ಇಷ್ಟು ಸಂಕಟ. ಇಷ್ಟು ವರ್ಷ ನೀನು ಯಾರ ಜೊತೆ ಮಾತಾಡಿದೆ ಅಕ್ಕ?