ಬೆನ್ನಿಗೆ ಹೊಂದಿದ ಸೀಟು

ಫೆಬ್ರವರಿ 3, ಮಂಗಳವಾರ

ಇವತ್ತೂ ಒಂದು ಕಾರು ನೋಡಿದ್ದಾಯಿತು. ಹೊರಗೆ ಥಳಥಳ, ಒಳಗೆ ಸೀಟು ಹಲಗೆ. ಟೈರ್ ಹೊಸದು, ಟೈರ್ ಹೊಸದು ಎಂದು ಮಾರುವವನು ತಲೆ ತಿಂದ. ಟೈರಿನ ಮೇಲೆ ಕೂತು ಹೋಗುತ್ತೇನೆಯೇ ನಾನು? ನಿನ್ನೆಯದರ ಸೀಟು ಪರವಾಗಿಲ್ಲ, ಎಂಜಿನ್ ಗುಡುಗುಡು. ಅದಕ್ಕೂ ಮುಂಚಿನದರ ತುಂಬ ನಾಯಿ ವಾಸನೆ.

ಕಾರು ಹುಡುಕುತ್ತಿದ್ದೀರೋ ಹೆಣ್ಣು ಹುಡುಕುತ್ತಿದ್ದೀರೋ ಅಂತ ಹೆಂಡತಿ ಕೇಳಿದಳು. ನಗಲಿ. ಇಡೀ ದಿನ ಬೆಂಚಿಗೆ ಬಗ್ಗಿ ಹಲ್ಲಿನ ಸೆಟ್ಟು ಮಾಡುವ ಬೆನ್ನು ಅವಳದಲ್ಲ. ಅಕ್ಕನ ಊರಿಗೆ ಆರು ಗಂಟೆ ಹೈವೇ. ಈಗಿರುವ ಪುಟ್ಟ ಕಾರಲ್ಲಿ ಹೋದರೆ ಅಕ್ಕನೇ ಎದ್ದು ಬಂದು ನನ್ನನ್ನು ಹಿಡಿದು ಇಳಿಸಬೇಕು. ಅವಳಿಗೆ ಏಳಲು ಎಲ್ಲಿ ಆಗುತ್ತದೆ? ಇನ್ನು ಕೆಲವೇ ವಾರ ಎಂದಿದ್ದಾರೆ ಡಾಕ್ಟರು. ಅಮ್ಮ ಹೋದ ಮೇಲೆ ಕೈತುತ್ತು ಹಾಕಿ ಬೆಳೆಸಿದವಳು. ಆಗಾಗ ಹೋಗಿ ಮುಖ ತೋರಿಸಬೇಕು. ಕೊನೆಗಳಿಗೆಯಲ್ಲಿ ಪಕ್ಕದಲ್ಲಿರಬೇಕು. ಅಷ್ಟೇ ನನಗೆ ಬೇಕಾದದ್ದು.

ಫೆಬ್ರವರಿ 8, ಭಾನುವಾರ

ಸಿಕ್ಕಿತು! ಬೂದು ಬಣ್ಣ, ಡೀಸೆಲ್, ಹಳೆಯದಾದರೂ ಗಟ್ಟಿಮುಟ್ಟು. ಕೂತ ತಕ್ಷಣ ಬೆನ್ನು ಸುಮ್ಮನಾಯಿತು.

ಒಳ್ಳೆಯ ಸೆಟ್ಟು ಬಾಯಲ್ಲಿದೆ ಎಂದೇ ತಿಳಿಯಬಾರದು — ಗಿರಾಕಿಗಳಿಗೆ ನಾನು ದಿನಾ ಹೇಳುವ ಮಾತು. ಈ ಸೀಟೂ ಹಾಗೆ. ಆದರೆ ಒಬ್ಬರ ಬಾಯಿಗೆ ಮಾಡಿದ್ದು ಇನ್ನೊಬ್ಬರಿಗೆ ಕೂರುವುದುಂಟೇ? ಬೇರೆ ಯಾರೋ ವರ್ಷಗಟ್ಟಲೆ ಕೂತು ತಗ್ಗು ಮಾಡಿದ ಸೀಟು. ನನ್ನ ಎಡಸೊಂಟದ ಸೊಟ್ಟಕ್ಕೂ ಅದರಲ್ಲಿ ಜಾಗವಿತ್ತು. ಹಿಂದೆ ಮುಂದೆ ಸರಿಸಬೇಕಾಗಲಿಲ್ಲ. ಕನ್ನಡಿ ಕೂಡ ನನ್ನ ಕಣ್ಣಿಗೇ ತಿರುಗಿತ್ತು.

ಮಾರುವವನದು ಮಾತು ಕಮ್ಮಿ. ಮೊದಲಿನ ಓನರ್ ಬರೀ ದೂರದೂರಿಗೆ ಓಡಿಸುತ್ತಿದ್ದರಂತೆ. ಕೀ ಕೊಡುವಾಗ ಮಾತ್ರ,

“ಊರೊಳಗೇ ಓಡಿಸ್ಬೇಡಿ ಸಾರ್, ಸೈಲೆನ್ಸರ್‌ನಲ್ಲಿ ಮಸಿ ಕಟ್ಕೊಳ್ಳತ್ತೆ. ಹೈವೇಗೆ ಬಿಡ್ತಾ ಇರಿ. ಎಲ್ಲಾ ತಾನಾಗೇ ಸರಿಹೋಗತ್ತೆ” ಎಂದ.

ಡೀಸೆಲ್ ಗಾಡಿಗೆ ಇದು ಇದ್ದದ್ದೇ.

ಫೆಬ್ರವರಿ 15, ಭಾನುವಾರ

ಅಕ್ಕನ ಮನೆ. ನಿನ್ನೆ ಬಂದೆ. ಏನು ಕಾರು! ನೋವಿಲ್ಲ, ಆಯಾಸವಿಲ್ಲ. ಎಷ್ಟು ಹಾಯಾಗಿತ್ತೆಂದರೆ ಅಕ್ಕನ ಊರಿನ ಎಕ್ಸಿಟ್ ದಾಟಿದ್ದೇ ತಿಳಿಯಲಿಲ್ಲ. ಎಷ್ಟೋ ದೂರ ಹೋಗಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಸಂಜೆ.

ಅಕ್ಕ ಮುನಿಸಿಕೊಂಡಿದ್ದಳು. ಮಧ್ಯಾಹ್ನವೇ ಬಂದು ಗೇಟಿನ ಹತ್ತಿರ ಕಾರಲ್ಲಿ ಕೂತಿದ್ದೆನಂತೆ. ಕಿಟಕಿಯಿಂದ ಕಂಡಳಂತೆ. ಇಳಿಯದೆ ಹೊರಟೇಹೋದೆನಂತೆ. ಮಾತ್ರೆಯ ಅಮಲು, ಮನಸ್ಸಿಗೆ ಹಚ್ಚಿಕೋಬೇಡ ಎಂದರು ಭಾವ.

ನಾನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಬಟ್ಟಲಲ್ಲಿದೆ. ವಸಡು ಸೊರಗಿ ಸಡಿಲವಾಗಿದೆ ಪಾಪ.

“ನೀನು ಬಂದಾಗ ಮಾತ್ರ ಹಾಕ್ಕೋತೀನಿ ಕಣೋ. ನಿನ್ನ ಮುಂದೆ ಬೊಚ್ಚುಬಾಯಲ್ಲಿ ನಗಬಾರ್ದು.”

ಹಾಕಿಕೊಂಡು ನಕ್ಕಳು. ನನಗೆ ಅಳು ಬಂತು.

ಮಾರ್ಚ್ 1, ಭಾನುವಾರ

ನಿನ್ನೆ ಮತ್ತೆ ಎಕ್ಸಿಟ್ ತಪ್ಪಿತು. ಬೋರ್ಡು ಕಂಡಿತ್ತು. ಇಂಡಿಕೇಟರ್ ಹಾಕಿದ್ದೂ ನೆನಪಿದೆ. ಆಮೇಲೆ... ಇನ್ನು ಸ್ವಲ್ಪ ಹೋಗೋಣ ಅನ್ನಿಸಿತು. ಇಳಿದರೆ ಬೆನ್ನು ನೋಯುತ್ತದಲ್ಲ.

ಈ ಸಲ ಭಾವನೂ ಕಂಡಿದ್ದಾರೆ. ಊಟ ಬಡಿಸುತ್ತಾ, ನನ್ನ ಮುಖ ನೋಡದೆ ಕೇಳಿದರು.

“ಮಧ್ಯಾಹ್ನ ಗೇಟ್ ಹತ್ರ ಬಂದಿದ್ಯಲ್ಲ. ಕಾರಿನ ಬಾಗ್ಲು ತೆಗೆದು ಒಂದು ಕಾಲು ಹೊರಗಿಟ್ಟೆ. ನಾನು ಬಂದಿದ್ದು ನೋಡಿ ಒಳಗೆ ಎಳ್ಕೊಂಡೆ. ಯಾಕಪ್ಪ?”

ನಾನಲ್ಲ ಎಂದೆ. ಆ ಹೊತ್ತಿಗೆ ಎಲ್ಲೋ ಮುಂದೆ ಹೈವೇಯಲ್ಲಿದ್ದೆ. ನಿನ್ನ ಗುರುತು ಸಿಗುವುದಿಲ್ಲವೇ ನನಗೆ ಎಂದರು. ಕಾರಲ್ಲಿ ನೀನು ನೆಟ್ಟಗೆ ಕೂತಿದ್ದೆ, ಅದೊಂದೇ ವ್ಯತ್ಯಾಸ ಎಂದರು.

ಅಕ್ಕನಿಗೆ ಮಾತ್ರ ಖುಷಿ. ಎಷ್ಟು ಲಕ್ಷಣವಾಗಿ ಕೂತಿದ್ದ ನನ್ನ ತಮ್ಮ ಎಂದಳು. ನನ್ನ ಎದುರಿಗೇ.

ಮಾರ್ಚ್ 11, ಬುಧವಾರ

ಬೇಡ ಈ ಕಾರು. ಹೆಂಡತಿಗೆ ಕಾರಣ ಹೇಳಲಿಲ್ಲ. ಹೇಳಿದರೆ ನಕ್ಕಾಳು, ಇಲ್ಲವೇ ನಗದೆ ಇದ್ದಾಳು. ಎರಡೂ ನನಗೆ ಬೇಡ.

ಮಾರಿದವನಿಗೆ ಫೋನ್ ಮಾಡಿದೆ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಮೊದಲಿನ ಓನರ್ ಏನಾದರು, ಅದನ್ನಾದರೂ ಹೇಳಪ್ಪ ಎಂದೆ.

“ಚೆನ್ನಾಗಿದಾರೆ ಸಾರ್. ಅವರಿಗೂ ಬೆನ್ನುನೋವಿತ್ತು, ಈಗಿಲ್ಲ. ಮೊದಲಿಗಿಂತ ಎಷ್ಟೋ ವಾಸಿ ಅಂತಾರೆ ಮನೆಯೋರು. ಮಾತೇ ಸ್ವಲ್ಪ ಕಮ್ಮಿ ಆಗಿದೆಯಂತೆ.”

ಫೋನ್ ಇಟ್ಟೆ. ಕಾರನ್ನು ಶೆಡ್ಡಿಗೆ ಹಾಕಿ ಬೀಗ ಜಡಿದೆ. ಡ್ಯಾಶ್‌ಬೋರ್ಡಿನಲ್ಲಿ ಮಸಿಯ ದೀಪ ಹೊತ್ತಿತ್ತು, ಹೈವೇಗೆ ಬಿಡು ಎನ್ನುವ ದೀಪ. ಕೀ ತೆಗೆದ ಮೇಲೂ ಆರಲಿಲ್ಲ.

ಮಾರ್ಚ್ 14, ಶನಿವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ. ಬೆಳಿಗ್ಗೆ ಭಾವನ ಫೋನ್. ಬೇಗ ಬಾ, ತಮ್ಮ ಬಂದನಾ ಅಂತ ಒಂದೇ ಸಮನೆ ಕೇಳುತ್ತಿದ್ದಾಳೆ ಎಂದರು. ಮನೇಲಿ ಕಾರಿಟ್ಟುಕೊಂಡು ಬಸ್ಸೇ ಎಂದಳು ಹೆಂಡತಿ. ಕಾರಿನ ಕೀ, ಶೆಡ್ಡಿನ ಕೀ, ಎರಡೂ ಜೇಬಲ್ಲಿವೆ.

ಒಂದೊಂದು ಗುಂಡಿಯೂ ಬೆನ್ನಿಗೇ. ಅಯ್ಯಯ್ಯೋ. ನೋಯಲಿ. ಬಸ್ಸಿನ ಡ್ರೈವರಂತೂ ಎಕ್ಸಿಟ್ ತಪ್ಪಿಸುವುದಿಲ್ಲ.

ಅದೇ ದಿನ, ಮಧ್ಯಾಹ್ನ

ತಲುಪಿದೆ. ಭಾವ ಡಾಕ್ಟರನ್ನು ಕರೆತರಲು ಹೋಗಿದ್ದಾರೆ. ಸೊಂಟ ಹಿಡಿದುಕೊಂಡಿದೆ, ಅರ್ಧಕ್ಕೆ ಬಗ್ಗಿ ಕೂತಿದ್ದೇನೆ. ಯಾರು ಎಂಬಂತೆ ನೋಡಿದಳು ಅಕ್ಕ. ನಾನು ಕಣೇ ಎಂದು ಕೈ ಹಿಡಿದುಕೊಂಡೆ. ಮೆಲ್ಲಗೆ ಒತ್ತಿದಳು. ಸಾಕು ನನಗೆ, ಇಷ್ಟಕ್ಕೇ ಬಂದದ್ದು. ಒಂದು ಕೈಲಿ ಅವಳ ಕೈ, ಇನ್ನೊಂದರಲ್ಲಿ ಪೆನ್ನು. ಸುಮ್ಮನೆ ಕೂತರೆ ಅತ್ತುಬಿಡುತ್ತೇನೆ.

ಹೊರಗೆ ಡೀಸೆಲ್ ಸದ್ದು.

ಗೇಟಿನ ಹತ್ತಿರ ನಿಂತಿತು. ಕಿಟಕಿಯಲ್ಲಿ ಬೂದು ಬಣ್ಣ. ಜೇಬು ಮುಟ್ಟಿ ನೋಡಿದೆ — ಎರಡೂ ಕೀ ಇವೆ. ಎಂಜಿನ್ ಆಫ್ ಆಯಿತು. ಕಾರಿನ ಬಾಗಿಲು ಹಾಕಿದ ಸದ್ದು. ಇಳಿದ. ಮೆಟ್ಟಿಲು ಹತ್ತುತ್ತಿದ್ದಾನೆ, ಎಲ್ಲೂ ನಿಲ್ಲದೆ, ಸಲೀಸಾಗಿ...

ಅಕ್ಕ ಕೈ ಬಿಡಿಸಿಕೊಂಡಳು. ಮುಖ ಅರಳಿದೆ. ಬಟ್ಟಲಿನ ಕಡೆ ಬೆರಳು ತೋರಿಸಿದಳು.

“ಆ ಹಲ್ಲು ಸ್ವಲ್ಪ ಕೊಡ್ತೀರಾ? ನನ್ನ ತಮ್ಮ ಬಂದ.”

ಕೊಡಬೇಕು. ಏಳಲು ಆಗುತ್ತಿಲ್ಲ. ಬಾಗಿಲ ಚಿಲಕ