ಮಾರಾಟಕ್ಕಿರುವ ಮನೆಯಲ್ಲಿ ಮೂರು ತಿಂಗಳು

ಜುಲೈ ೨, ಬೆಳಿಗ್ಗೆ

ಮತ್ತೆ ಒಗೆಯುವ ಕಲ್ಲಿನ ಮೇಲೆ. ನೆಟ್‌ವರ್ಕ್ ಸಿಗುವುದು ಇಲ್ಲಿ ಮಾತ್ರ. ಪಕ್ಕದಲ್ಲಿ ಬಕೆಟ್, ತೊಡೆಯ ಮೇಲೆ ಲ್ಯಾಪ್‌ಟಾಪ್. ನೋಡಿದವರು ಅದನ್ನೂ ಒಗೆಯಲು ತಂದಿದ್ದೇನೆ ಎಂದುಕೊಂಡಾರು.

ಇವತ್ತು ಮಿಕ್ಸಿ. ಡಬ್ಬದೊಳಗೆ ಮಡಿಸಿಟ್ಟಿರುತ್ತಾರಲ್ಲ, ಯಾರೂ ಓದದ ಹಾಳೆ — ಅದರ ಕನ್ನಡ ತಿದ್ದುವುದು ನನ್ನ ಕೆಲಸ. ಮೊದಲ ಪುಟ ಪೂರ್ತಿ ಎಚ್ಚರಿಕೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ತಿರುಗುವಾಗ ಮುಚ್ಚಳ ತೆಗೆಯಬೇಡಿ. ವಸ್ತುವಿನಿಂದ ಆಗುವ ಉಪಯೋಗ ಎರಡನೆಯ ಪುಟಕ್ಕೆ. ಫ್ಯಾನಿರಲಿ, ಪಂಪಿರಲಿ, ಇದೇ ಕ್ರಮ. ಸೇಫ್ಟಿ ಫಸ್ಟ್ — ಆಮೇಲೆ ಇನ್ನೇನೋ ಇತ್ತು, ಮರೆತೆ.

ಮನೆ ಮೂರು ತಿಂಗಳಿಗೆ. ಮಾರಾಟಕ್ಕಿದೆ, ಅದಕ್ಕೇ ಬಾಡಿಗೆ ಕಡಿಮೆ. ನೋಡಲು ಬಂದವರಿಗೆ ನಾನು ತೋರಿಸಬೇಕು, ಅದೊಂದೇ ಷರತ್ತು. ಒಡತಿ ಬಟ್ಟೆ ಹೊಲಿಯುವವರು, ಪಕ್ಕದ ಒಂಟಿ ಕೋಣೆಯಲ್ಲಿದ್ದಾರೆ.

"ಬೀಗ ಹಾಕಿರೋ ಮನೇನ ಯಾರೂ ತಗೊಳ್ಳಲ್ಲ. ಒಲೆ ಉರೀತಿರ್ಬೇಕು, ಹಗ್ಗದ ಮೇಲೆ ಎರಡು ಬಟ್ಟೆ ಇರ್ಬೇಕು. ನೀವು ಸುಮ್ನೆ ಬದುಕಿ ಮೇಷ್ಟ್ರೇ, ಸಾಕು."

ನಾನು ಮೇಷ್ಟ್ರಲ್ಲ. ಕನ್ನಡಕವಿದೆ, ಅಷ್ಟೆ. ಸುಮ್ಮನೆ ಬದುಕುವುದು... ಹೆಂಡತಿ ತೀರಿಕೊಂಡಮೇಲೆ ಮರೆತುಹೋದ ವಿದ್ಯೆ ಅದೊಂದೇ.

ಜುಲೈ ೯

ನಿನ್ನೆ ಕೆಲಸ ಮುಗಿಸಿ ಕಾಲು ಎಳೆದತ್ತ ಹೋದೆ. ಹಳೆಯ ಹೆಂಚಿನ ಕಾರ್ಖಾನೆ, ಅದರ ಹಿಂದೆ ಬಿಟ್ಟುಹೋದ ಕಲ್ಲುಗಣಿ, ಗಣಿಯ ತುಂಬ ಹಸಿರು ನೀರು. ಬರುವಾಗ ದಾರಿ ತಪ್ಪಿತು. ಸೈಕಲ್ ರಿಪೇರಿಯವನನ್ನು ಕೇಳಿದೆ.

"ಯಾರ ಮನೆ ಬೇಕು?"

"ಮಾರೋದಕ್ಕಿದೆಯಲ್ಲ, ಆ ಮನೆ."

"ಓ, ಶೋಕೇಸ್ ಗೊಂಬೆ ನೀವೇನಾ?" ಎಂದು ದಾರಿ ತೋರಿಸಿದ.

ಸಾಲಿಟ್ಯೂಡ್ ಬೇರೆ, ಲೋನ್ಲಿನೆಸ್ ಬೇರೆ ಎಂದು ಕಾಲೇಜಿನ ಇಂಗ್ಲಿಷ್ ಲೆಕ್ಚರರ್ ಹೇಳಿದ್ದರು. ವ್ಯತ್ಯಾಸ ಏನೆಂದು ವಿವರಿಸಿದ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ. ಈಗ ಸ್ವಲ್ಪ ತಿಳಿಯುತ್ತಿದೆ. ಊರಿನ ನನ್ನ ಫ್ಲ್ಯಾಟಿನಲ್ಲಿ ಹೆಂಡತಿ ಎಲ್ಲೆಂದರಲ್ಲಿ ಎದುರಾಗುತ್ತಾಳೆ — ಚಮಚ ಹುಡುಕಿದರೆ, ಸ್ವಿಚ್ಚಿಗೆ ಕೈ ಹಾಕಿದರೆ. ಇಲ್ಲಿ ಅವಳು ಮುಟ್ಟಿದ್ದು ಒಂದೂ ಇಲ್ಲ. ನಾನಾಗಿ ಕರೆದರೆ ಬರುತ್ತಾಳೆ. ಗಣಿಯ ನೀರಿನ ಬಣ್ಣ ಹೇಳಿದೆ. ಕೇಳಿಸಿಕೊಂಡು ಹೋದಳು. ಎಷ್ಟೋ ಕಾಲದ ಮೇಲೆ ಬೆಳಗಿನವರೆಗೆ ನಿದ್ದೆ.

ಈ ಮನೆ ಬಿಡಬಾರದು. ಕೊಂಡುಬಿಡಲೇ? ಹಾಗಾದರೆ ಫ್ಲ್ಯಾಟ್ ಮಾರಬೇಕು. ಅಲ್ಲಿ ಮಗಳು, ಅಳಿಯ ನನ್ನ ಜೊತೆಗೇ ಇದ್ದಾರೆ. ಆಗದ ಮಾತು. ಮಾರಾಟ ತಡವಾದರೆ ಬಾಡಿಗೆಗೇ ಇರಬಹುದು.

ಆಗಸ್ಟ್ ೧೧

ಇವತ್ತು ಲಾರಿ ಮಾಲೀಕ, ಅವನ ಹೆಂಡತಿ ಮನೆ ನೋಡಲು ಬಂದಿದ್ದರು. ಆಕೆಗೆ ಅಡುಗೆಮನೆ ಹಿಡಿಸಿತು. ಕಟ್ಟೆಯ ಮೇಲೆ ಕೈಯಾಡಿಸಿ ಕೇಳಿದರು.

"ಹೇಗಿದೆ ಅಣ್ಣಾ ಮನೆ? ಇರೋರು ನೀವು, ನಿಮಗೇ ಗೊತ್ತಿರುತ್ತೆ."

ಶುರು ಮಾಡಿದೆ. ಮಳೆ ಜೋರಾದರೆ ಈ ಮೂಲೆ ತೇವ. ಹಿಂಬಾಗಿಲು ಉಬ್ಬುತ್ತದೆ, ಹೆಗಲು ಕೊಟ್ಟು ತಳ್ಳಬೇಕು. ಫೋನ್ ಬೇಕೆಂದರೆ ಅಂಗಳಕ್ಕೆ ಹೋಗಬೇಕು. ಮೋಟಾರು ಹಾಕುವಾಗ ಚಪ್ಪಲಿ ಇರಲಿ. ಒಂದಾದಮೇಲೊಂದು, ಅಚ್ಚು ಹಾಕಿದಂತೆ. ಲಾರಿಯವನು ಗಡಿಯಾರ ನೋಡಿಕೊಂಡ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ತಡೆಯಬಹುದಿತ್ತು. ತಡೆಯಲಿಲ್ಲ.

ಆಗಸ್ಟ್ ೧೨

ಸುಳ್ಳು ಒಂದೂ ಹೇಳಿಲ್ಲ. ಆದರೂ ನಿದ್ದೆ ಹತ್ತಿರ ಸುಳಿಯಲಿಲ್ಲ.

ಸೆಪ್ಟೆಂಬರ್ ೪, ಸಂಜೆ

ಆಮೇಲೂ ಒಬ್ಬರು ಬಂದು ಹೋದರು. ಅವರಿಗೂ ಮೊದಲ ಪುಟವೇ. ಇವತ್ತು ಒಡತಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ, ತಲೆ ಎತ್ತದೆ ಕೇಳಿದರು.

"ಏನ್ ಹೇಳ್ತೀರಿ ಮೇಷ್ಟ್ರೇ ಬಂದೋರಿಗೆ?"

"ಇದ್ದದ್ದು."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಇವರು ಪಾಪ ಎದ್ದು ಹೋಗ್ತಿದಾರೆ, ನಿಮ್ಮ ಪುಣ್ಯ." ನಕ್ಕರು. ನಗು ಬೇಗ ಮುಗಿಯಿತು. "ನಮ್ಮಕ್ಕ ಮತ್ತೆ ಬಚ್ಚಲಲ್ಲಿ ಬಿದ್ದಳಂತೆ. ನೋಡ್ಕೊಳ್ಳೋಕೆ ಯಾರೂ ಇಲ್ಲ. ಯಾವತ್ತು ಬರ್ತೀಯೇ ಅಂತ ದಿನಾ ಕೇಳ್ತಾಳೆ. ಮನೆ ಮಾರಾಟ ಆಗ್ಲಿ, ಬಂದೆ ಅಂತೀನಿ. ನನ್ನ ಕಣ್ಣೂ ಹೀಗೆ... ಇಬ್ಬರು ಸೇರಿದ್ರೆ ಒಬ್ಬಳಾಗ್ತೀವಿ."

ಸೂಜಿ ನನ್ನ ಕೈಗೆ ಕೊಟ್ಟರು. ದಾರ ಪೋಣಿಸಿಕೊಟ್ಟೆ.

ಸೆಪ್ಟೆಂಬರ್ ೨೧

ಶಾಲಾ ಬಸ್ಸು ಓಡಿಸುವ ಹೆಂಗಸು ಇವತ್ತು ತಾಯಿಯನ್ನು ಕರೆದುಕೊಂಡು ಬಂದಿದ್ದರು. ಒಡತಿ ಅಕ್ಕನನ್ನು ನೋಡಲು ಹೋಗಿದ್ದರು. ನಾನೊಬ್ಬನೇ.

"ಸರ್, ಒಂದೇ ಮಾತು. ಮನೆ ಚೆನ್ನಾಗಿದೆಯೋ ಇಲ್ವೋ?"

ಮಳೆಯ ಮೂಲೆ ಬಾಯಿಗೆ ಬಂತು. ನುಂಗಿದೆ.

"ನಿದ್ದೆ ಬರುತ್ತೆ" ಎಂದೆ.

ಆಕೆ ತಾಯಿಯ ಮುಖ ನೋಡಿದರು. ನಾನು ನಿಲ್ಲಿಸಲಿಲ್ಲ. ಬೆಳಗಿನ ಬಿಸಿಲು ಒಲೆಯವರೆಗೆ ಬರುವುದು, ಸೆಕೆಯಲ್ಲೂ ನಡುಮನೆ ತಂಪಾಗಿರುವುದು, ಸಂಜೆ ನಡೆಯಲು ಗಣಿಯ ದಾರಿ, ಮಾತು ಬೇಕೆಂದರೆ ಸೈಕಲ್ಲಿನವನು. ಹೇಳುತ್ತ ಹೋದಂತೆ ಎಲ್ಲವೂ ಕೈಬಿಟ್ಟು ಹೋಗುತ್ತಿದೆ ಎನ್ನಿಸುತ್ತಿತ್ತು. ಕೊನೆಗೆ ತೇವದ ಮೂಲೆಯನ್ನೂ ತೋರಿಸಿದೆ.

"ಅಷ್ಟೇನಾ?" ಎಂದರು ಮುದುಕಿ. "ಈಗಿರೋ ಮನೇಲಿ ಒಣಗಿರೋ ಮೂಲೆ ಹುಡುಕ್ಬೇಕು."

ಸೆಪ್ಟೆಂಬರ್ ೨೨

ಬಸ್ಸಿನ ಹೆಂಗಸು ಒಪ್ಪಿಕೊಂಡರಂತೆ. ಒಡತಿ ಅಕ್ಕನ ಊರಿನಿಂದಲೇ ಫೋನ್ ಮಾಡಿದರು. ನಾನು ಲಾರಿಯವರ ಮಾತು ಎತ್ತಿದೆ, ಎಲ್ಲ ಹೇಳಿದೆ.

"ಗೊತ್ತಿತ್ತು ಬಿಡಿ. ಗೋಡೆ ಆಚೆ ನಾನಿದ್ನಲ್ಲ," ಎಂದರು. ಆಮೇಲೆ, "ನಾನೂ ಎರಡು ತಿಂಗಳಿಂದ ಹೋಗೋಕೆ ಅಂತ ಬಟ್ಟೆ ಗಂಟು ಕಟ್ಟೋದು, ಮನಸ್ಸಾಗ್ದೆ ಬಿಚ್ಚೋದು ಮಾಡ್ತಿದೀನಿ ಮೇಷ್ಟ್ರೇ."

ಸೆಪ್ಟೆಂಬರ್ ೩೦, ಬೆಳಿಗ್ಗೆ

ನಮ್ಮಿಬ್ಬರಿಗೂ ಒಂದೇ ಬಸ್ಸು. ಒಡತಿ ನಡುವೆ ಅಕ್ಕನ ಊರಿನಲ್ಲಿ ಇಳಿಯುತ್ತಾರೆ, ನಾನು ಕೊನೆಯವರೆಗೆ.

ನಿನ್ನೆ ಸಂಜೆ ಮಗಳ ಫೋನ್. "ಅಪ್ಪಾ, ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತೆ ಅಂತಿದ್ರಿ. ಇಲ್ಲಿಗೆ ಬಂದು ಮತ್ತೆ ಸೂರು ನೋಡ್ತಾ ಮಲಗ್ತೀರಾ?"

"ಮಂಚ ಕಿಟಕಿ ಕಡೆ ತಿರುಗಿಸ್ತೀಯಾ?" ಎಂದೆ.

ಅವಳಮ್ಮ ಇದ್ದಾಗಿನಿಂದ ಅದು ಕದಲಿಲ್ಲ. ಯಾರೂ ಕದಲಿಸಲು ನಾನು ಬಿಟ್ಟಿಲ್ಲ.

"ಅಮ್ಮ ಯಾವ ಕಡೆ ಮಲಗ್ತಿದ್ದಳು?"

"ಗೋಡೆ ಕಡೆ."

"ನಂಗೆ ಗೊತ್ತೇ ಇರಲಿಲ್ಲ" ಎಂದಳು. ಇಬ್ಬರೂ ಫೋನ್ ಇಡಲಿಲ್ಲ. ಅವಳು ಇನ್ನೇನೋ ಕೇಳಿದಳು, ನಾನು ಹೇಳಿದೆ. ಆಮೇಲೆ ಇನ್ನೊಂದು. ಅವಳಮ್ಮನ ವಿಷಯ ನಾವಿಬ್ಬರೂ ಇಷ್ಟು ಮಾತಾಡಿದ್ದು —

"ಮೇಷ್ಟ್ರೇ, ಬಸ್ಸು ನಿಮ್ಮ ಬರವಣಿಗೆಗೆ ಕಾಯಲ್ಲ."

ಬಂದೆ ಎಂದೆ. ಇನ್ನೊಂದೇ ಸಾಲು. ನಿನ್ನೆ ಮಗಳು ಕೊನೆಗೆ —